ಬಿಚ್ಚಿ ಜೋಡಿಸಿದವರ ದಿಲ್ಲಿ

ದಿಲ್ಲಿಯ ಪಕ್ಕದ ಹರಿಯಾಣದಲ್ಲಿ ಎರಡು ಊರುಗಳಿವೆ. ಒಂದು ಮಥುರಾ ರಸ್ತೆಯ ಫರೀದಾಬಾದ್, ಇನ್ನೊಂದು ಜೈಪುರ ರಸ್ತೆಯ ಧಾರೂಹೇಡಾ. ಮೊದಲನೆಯ ಊರಿನಲ್ಲಿ ತಯಾರಾದ ಬೈಕನ್ನು ಮಾಲೀಕನೇ ಆಗಾಗ ಬಿಚ್ಚಬೇಕಿತ್ತು. ಎರಡನೆಯ ಊರಿನ ಬೈಕು ಮಾರಾಟವಾದದ್ದೇ ಪೆಟ್ರೋಲ್ ತುಂಬಿಸಿ, ಮುಚ್ಚಳ ಮುಚ್ಚಿ, ಮರೆತುಬಿಡಿ ಎಂಬ ಜಾಹೀರಾತಿನ ಮೇಲೆ. ಮನೆಯಂಗಳದಲ್ಲಿ ಕೂತು ಸ್ವಂತ ಬೈಕನ್ನು ರಿಪೇರಿ ಮಾಡಿಕೊಳ್ಳುವ ಅಭ್ಯಾಸ ಈ ಸೀಮೆಯಲ್ಲಿ ಹೇಗೆ ಬೆಳೆಯಿತು, ಹೇಗೆ ಕರಗಿತು ಎಂಬ ಕಥೆ ಹೆಚ್ಚುಕಡಿಮೆ ಈ ಎರಡು ಊರುಗಳ ನಡುವೆಯೇ ಇದೆ. ಅದರಲ್ಲಿ ನಮ್ಮ ಮೈಸೂರಿನದೂ ಒಂದು ಪಾಲಿದೆ. ಕೆಲಸ ಹುಡುಕಿಕೊಂಡು ನೋಯ್ಡಾ, ಗುರುಗ್ರಾಮ್ ಎಂದು ಬಂದು ನೆಲೆಸಿ, ಊರಲ್ಲಿರುವ ಹಳೆಯ ಗಾಡಿಯನ್ನು ಇಲ್ಲಿಗೆ ತರಿಸಿಕೊಳ್ಳಲೇ ಎಂದು ಒಮ್ಮೆಯಾದರೂ ಲೆಕ್ಕ ಹಾಕಿದವರಿಗೆ ಇದು ಬರೀ ಹಳೆಯ ಕಥೆಯಲ್ಲ.

ಶುರು ಮಾಡಬೇಕಾದದ್ದು ಫಟ್‌ಫಟಿಯಿಂದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಹಾರ್ಲೆ-ಡೇವಿಡ್‌ಸನ್ ಬೈಕುಗಳು ಇಲ್ಲಿ ಕಡಿಮೆ ಬೆಲೆಗೆ ಮಾರಾಟವಾದವು. ಅದರ ಹಿಂದೆಯೇ ದೇಶ ವಿಭಜನೆಯಾಯಿತು. ಪಂಜಾಬಿನಿಂದ ಎಲ್ಲವನ್ನೂ ಬಿಟ್ಟು ಬಂದವರಲ್ಲಿ ಕೆಲವರು ಈ ಬೈಕುಗಳನ್ನು ಕೊಂಡು, ಹಿಂದಿನ ಚಕ್ರ ತೆಗೆದು, ಆ ಜಾಗಕ್ಕೆ ಎರಡು ಚಕ್ರದ ಗಾಡಿ ಜೋಡಿಸಿ, ಮೇಲೊಂದು ಚಪ್ಪರ ಹೊದಿಸಿದರು. ಎದುರುಬದುರು ಸೀಟುಗಳಲ್ಲಿ ಜನರನ್ನು ಕೂರಿಸಿಕೊಂಡು ಕನ್ನಾಟ್ ಪ್ಲೇಸ್‌ನಿಂದ ಚಾಂದನಿ ಚೌಕದ ಕಡೆಗೆ ಓಡಿಸಿದರು. ಸದ್ದಿನಿಂದಲೇ ಅದಕ್ಕೆ ಫಟ್‌ಫಟಿ ಎಂದು ಹೆಸರು ಬಿತ್ತು. ಕಂಪನಿಯ ನಕ್ಷೆ ಇಲ್ಲ, ಬಿಡಿಭಾಗ ಬರುವ ದಾರಿಯಿಲ್ಲ. ಮುರಿದದ್ದನ್ನು ಲೇತ್ ಮೇಲೆ ತಾವೇ ಕಡೆಸಬೇಕು, ಬೆಸುಗೆ ಹಾಕಿಸಬೇಕು. ಮೂಲ ಎಂಜಿನ್ ಕೈಕೊಟ್ಟ ಮೇಲೆ ನೀರೆತ್ತುವ ಪಂಪಿಗೆ ಬಳಸುವಂಥ ಡೀಸೆಲ್ ಎಂಜಿನ್ ಕೂರಿಸಿದ್ದೂ ಉಂಟು. ಅಮೆರಿಕದ ಆ ಕಂಪನಿಗೆ ತೋರಿಸಿದ್ದರೆ ತಮ್ಮ ಮಗುವನ್ನು ಗುರುತು ಹಿಡಿಯುತ್ತಿದ್ದರೋ ಇಲ್ಲವೋ. ಇಂದು ನಾವು ಮಾಡಿಫಿಕೇಶನ್ ಎಂದು ಕರೆಯುವುದು ಈ ಊರಿನಲ್ಲಿ ಶೋಕಿಯಾಗಿ ಹುಟ್ಟಲಿಲ್ಲ, ಹೊಟ್ಟೆಪಾಡಾಗಿ ಹುಟ್ಟಿತು.

ಫರೀದಾಬಾದ್ ಕೂಡ ವಿಭಜನೆಯ ಕೂಸೇ. ನಿರಾಶ್ರಿತರಿಗಾಗಿ ಕಟ್ಟಿದ ಕೈಗಾರಿಕಾ ಊರು ಅದು. ಲಾಹೋರಿನಲ್ಲಿ 1944ರಲ್ಲಿ ಎಸ್ಕಾರ್ಟ್ಸ್ ಶುರು ಮಾಡಿದ್ದ ಹರ್ ಪ್ರಸಾದ್ ನಂದಾ, ವಿಭಜನೆಯ ನಂತರ ದಿಲ್ಲಿಗೆ ಬಂದು ಮತ್ತೆ ಕಟ್ಟಿದ ಸಂಸ್ಥೆ 1960ರ ದಶಕದ ಆರಂಭದಲ್ಲಿ ರಾಜ್‌ದೂತ್ ಬೈಕನ್ನು ತಯಾರಿಸತೊಡಗಿತು. 175 ಸಿಸಿಯ ಆ ಬೈಕಿನ ಮೂಲ ಪೋಲೆಂಡಿನದು. ಸರಿಸುಮಾರು ಅದೇ ಹೊತ್ತಿಗೆ, 1961ರಲ್ಲಿ, ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಚೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ಮಾಡಲು ಶುರು ಮಾಡಿತು. ಅದನ್ನು ಉದ್ಘಾಟಿಸಿದವರು ಜಯಚಾಮರಾಜ ಒಡೆಯರ್. 1970ರ ದಶಕದಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಬಂತು.

ಎರಡೂ ಪೂರ್ವ ಯುರೋಪಿನ ಸಮಾಜವಾದಿ ದೇಶಗಳಿಂದ ಬಂದ ಬೈಕುಗಳು ಎಂಬುದನ್ನು ಗಮನಿಸಿ. ಅಲ್ಲಿಯೂ ನಮ್ಮಲ್ಲಿಯಂತೆ ಸಾಮಾನಿಗೆ ಸಾಲು ನಿಲ್ಲಬೇಕಿತ್ತು, ಕೊಂಡ ವಸ್ತುವನ್ನು ಸವೆಯುವ ತನಕ ಬಾಳಿಸಬೇಕಿತ್ತು. ಅಂಥ ಕಡೆ ಹುಟ್ಟಿದ ಯಂತ್ರಕ್ಕೆ ಮಾಲೀಕನ ಕೈಗಳ ಮೇಲೆ ಒಂದು ಭರವಸೆ ಇರುತ್ತದೆ. ಯೆಜ್ಡಿಯ ಎಂಜಿನ್ನಿನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್ ಎಂಬ ಮೂರು ಚಲಿಸುವ ಭಾಗಗಳು ಅರ್ಥವಾದರೆ ಎಂಜಿನ್ನಿನ ಮುಕ್ಕಾಲು ಪಾಲು ಅರ್ಥವಾದಂತೆ. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ಹೊರಳಿಸಿದರೆ ಗೇರ್ ಲಿವರ್ ಆಗುತ್ತಿತ್ತು. ಒಂದು ಭಾಗದಿಂದ ಎರಡು ಕೆಲಸ ತೆಗೆಯುವ ಈ ಮಿತವ್ಯಯ ನಮ್ಮ ಅಜ್ಜಿಯರ ಅಡುಗೆಮನೆಯಲ್ಲಿ ಕಾಣುವಂಥದ್ದು.

ಆಗ ಮನೆಯಲ್ಲಿ ಮಾಡುತ್ತಿದ್ದ ಕೆಲಸಗಳು ಯಾವುವು? ಮೊದಲನೆಯದು ಎಣ್ಣೆ ಬೆರೆಸುವುದು. ಟೂ-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಹಾಕಬೇಕು, ಲೀಟರಿಗೆ ಹೆಚ್ಚುಕಡಿಮೆ 30ರಿಂದ 40 ಮಿ.ಲೀ. ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಹೊಗೆ. ಹೆದರುವವನ ಕೈ ಹೆಚ್ಚಿನ ಕಡೆಗೇ ವಾಲುವುದು ಸಹಜ. ಬೀದಿಯೆಲ್ಲ ನೀಲಿ ಹೊಗೆ ತುಂಬಲು ಈ ಹೆದರಿಕೆಯೂ ಒಂದು ಕಾರಣ. ಎರಡನೆಯದು ಪ್ಲಗ್. ಎಣ್ಣೆಯ ಮಸಿ ಹಿಡಿದು ಅದು ಎಲ್ಲೆಂದರಲ್ಲಿ ನಿಂತುಬಿಡುತ್ತಿತ್ತು. ಸೀಟಿನ ಕೆಳಗಿನ ಪೆಟ್ಟಿಗೆಯಿಂದ ಬಾಕ್ಸ್ ಸ್ಪ್ಯಾನರ್ ತೆಗೆದು, ಪ್ಲಗ್ ಬಿಚ್ಚಿ, ಎಮರಿ ಪೇಪರಿನಲ್ಲಿ ಉಜ್ಜಿ, ಸಂದಿಯನ್ನು ಅಳೆಯಬೇಕು. ಅಳತೆಯ ಉಪಕರಣ ಯಾರ ಹತ್ತಿರ ಇರುತ್ತಿತ್ತು? ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡಿನ ದಪ್ಪ ಸುಮಾರು 0.6 ಮಿ.ಮೀ. ಪ್ಲಗ್ಗಿಗೆ ಬೇಕಾದ ಸಂದಿಯೂ ಅಷ್ಟೇ. ಮುರಿದ ಬ್ಲೇಡಿನ ತುಂಡೊಂದು ಪೆಟ್ಟಿಗೆಯಲ್ಲಿದ್ದರೆ ಸಾಕು. ಇಗ್ನಿಶನ್ ಪಾಯಿಂಟಿಗೆ ಬೇಕಾದದ್ದು ಇನ್ನೂ ಕಡಿಮೆ, 0.4 ಮಿ.ಮೀ. ಅದಕ್ಕೆ ವಿಸಿಟಿಂಗ್ ಕಾರ್ಡನ್ನೇ ತೂರಿಸಿ ನೋಡುವ ಮೆಕ್ಯಾನಿಕ್ಕುಗಳಿದ್ದರು.

ದೊಡ್ಡ ಕೆಲಸವೆಂದರೆ ಸೈಲೆನ್ಸರ್. ಸುಟ್ಟ ಎಣ್ಣೆಯ ಮಸಿ ಅದರೊಳಗೆ ಜಿಗಟಾಗಿ ಕಟ್ಟಿಕೊಂಡು ಬೈಕು ಏದುಸಿರು ಬಿಡತೊಡಗುತ್ತದೆ. ಯೆಜ್ಡಿಯಲ್ಲಿ ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು, ಹಾಗಾಗಿ ಕೆಲಸವೂ ಎರಡು ಪಟ್ಟು. ಒಳಗಿನ ಕೊಳವೆಯನ್ನು ಹೊರಗೆಳೆದು, ಸೀಮೆಎಣ್ಣೆ ಸುರಿದು ಬೆಂಕಿ ಕೊಟ್ಟು, ಆಮೇಲೆ ತಂತಿಯ ಬ್ರಷ್ಷಿನಲ್ಲಿ ಕೆರೆಯುವುದು ಒಂದು ವಿಧಾನ. ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕುವುದು ಇನ್ನೊಂದು. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಹಳೆಯ ದಿನಪತ್ರಿಕೆ ಹಾಸಿ, ಬಿಚ್ಚಿದ ನಟ್ಟುಗಳನ್ನು ಬಿಚ್ಚಿದ ಅನುಕ್ರಮದಲ್ಲೇ ಸಾಲಾಗಿ ಇಟ್ಟು, ‘ಯಾರೂ ತುಳೀಬೇಡ್ರೋ’ ಎಂದು ಮನೆಮಂದಿಗೆಲ್ಲ ಹೇಳಿ ಕೂತರೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯುತ್ತಿತ್ತು. ಮೈಸೂರಿನಲ್ಲೂ ಹಾಗೆಯೇ, ರಾಜ್‌ದೂತ್ ಇದ್ದ ದಿಲ್ಲಿಯ ಸರ್ಕಾರಿ ಕ್ವಾರ್ಟರ್ಸಿನಲ್ಲೂ ಹಾಗೆಯೇ. ಅಲ್ಲಿ ‘ಗಾಡಿ ಬಿಚ್ಚಿದೀನಿ’, ಇಲ್ಲಿ ‘ಗಾಡಿ ಖೋಲ್ ರಖೀ ಹೈ’, ವ್ಯತ್ಯಾಸ ಅಷ್ಟೇ. ಬೇಕಾದ ಸಾಮಾನಿಗೆ ಕಾಶ್ಮೀರಿ ಗೇಟ್ ಇತ್ತು. ಹೊಸದು, ಹಳೆಯದು, ಹಳೆಯದನ್ನು ಹೊಸದಾಗಿಸಿದ್ದು ಎಲ್ಲವೂ ಅಲ್ಲಿ ಸಿಗುತ್ತಿತ್ತು, ಈಗಲೂ ಸಿಗುತ್ತದೆ.

ಇದನ್ನೆಲ್ಲ ಬರೆಯುವಾಗ ಆ ಕಾಲ ಚೆನ್ನಾಗಿತ್ತು ಎಂದು ಬರೆದುಬಿಡುವ ಆಸೆಯಾಗುತ್ತದೆ. ಆದರೆ ಅಷ್ಟೂ ಜನ ಬೈಕ್ ಬಿಚ್ಚುವುದನ್ನು ಕಲಿತದ್ದು ಪ್ರೀತಿಯಿಂದಲ್ಲ. ಮಳೆಯಲ್ಲಿ, ಹೆಂಡತಿ ಮಕ್ಕಳನ್ನು ರಸ್ತೆ ಬದಿ ನಿಲ್ಲಿಸಿಕೊಂಡು ಪ್ಲಗ್ ಉಜ್ಜುವುದು ಯಾರಿಗೂ ಸುಖವಲ್ಲ. ಹೊಸ ವಾಹನಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿದ್ದ ದಿನಗಳಲ್ಲಿ ಇದ್ದದ್ದನ್ನು ಓಡಿಸುವುದು ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಕಲಿಕೆ ಆ ಅನಿವಾರ್ಯತೆಯ ಲಾಭ, ಅಷ್ಟೇ.

ಹಾಗಾಗಿಯೇ 1985ರಲ್ಲಿ ಧಾರೂಹೇಡಾದಿಂದ ಹೀರೋ ಹೋಂಡಾ ಸಿಡಿ 100 ಹೊರಬಂದಾಗ ಜನ ಅದನ್ನು ತಲೆಯ ಮೇಲೆ ಹೊತ್ತುಕೊಂಡರು. ನಾಲ್ಕು ಸ್ಟ್ರೋಕಿನ ಎಂಜಿನ್, ಎಣ್ಣೆ ಬೆರೆಸುವ ರಗಳೆಯಿಲ್ಲ, ಲೀಟರಿಗೆ 80 ಕಿ.ಮೀ. ಎಂಬ ಪ್ರಚಾರ, ಸರಪಳಿಗೆ ಪೂರ್ತಿ ಮುಚ್ಚಿದ ಕವಚ. ಅದೇ ವರ್ಷ ಎಸ್ಕಾರ್ಟ್ಸ್ ಯಮಹಾ ಜೊತೆ ಸೇರಿ ಆರ್‌ಎಕ್ಸ್ 100 ತಂದಿತು. ಟೂ-ಸ್ಟ್ರೋಕಿನ ಕೊನೆಯ ಸೊಗಸು ಅದು, ಇಂದಿಗೂ ಅದಕ್ಕಾಗಿ ಜೀವ ಬಿಡುವವರಿದ್ದಾರೆ. ಗೆದ್ದದ್ದು ಮಾತ್ರ ಧಾರೂಹೇಡಾ. ‘ಮರೆತುಬಿಡಿ’ ಎಂಬುದು ಬಿಡುಗಡೆಯ ಮಾತಾಗಿತ್ತು. ಅದರ ಜೊತೆ ಇನ್ನೊಂದೂ ಬಂತು: ಕವಚದ ಒಳಗೆ ಏನಿದೆ ಎಂದು ನೋಡದೆಯೇ ಬೆಳೆದ ಒಂದು ತಲೆಮಾರು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಮುಚ್ಚಿತು. ರಾಜ್‌ದೂತ್ ಹಳ್ಳಿಯ ಹಾಲಿನ ಕ್ಯಾನುಗಳನ್ನು ಹೊತ್ತುಕೊಂಡು ಇನ್ನಷ್ಟು ವರ್ಷ ಉಸಿರು ಹಿಡಿದಿತ್ತು.

ಆಮೇಲೆ ಬಂದದ್ದು ನ್ಯಾಯಾಲಯ. ದಿಲ್ಲಿಯ ಗಾಳಿಯ ಕುರಿತು ಎಂ.ಸಿ. ಮೆಹ್ತಾ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1998ರ ಜುಲೈ 28ರಂದು ಕೊಟ್ಟ ಆದೇಶ ಬಸ್ಸುಗಳನ್ನು ಸಿಎನ್‌ಜಿಗೆ ತಿರುಗಿಸಿದ್ದಕ್ಕಾಗಿ ಹೆಸರುವಾಸಿ. ಅದೇ ಆದೇಶದಲ್ಲಿ ನಮ್ಮ ಕಥೆಗೆ ಸಂಬಂಧಿಸಿದ ಸಣ್ಣದೊಂದು ಅಂಶವಿದೆ. ಆ ವರ್ಷದ ಕೊನೆಯೊಳಗೆ ಪೆಟ್ರೋಲ್ ಬಂಕುಗಳು ಟೂ-ಸ್ಟ್ರೋಕ್ ವಾಹನಗಳಿಗೆ ಮೊದಲೇ ಎಣ್ಣೆ ಬೆರೆಸಿದ ಪೆಟ್ರೋಲನ್ನಷ್ಟೇ ಕೊಡಬೇಕು ಎಂಬುದು ಅದು. ಎಣ್ಣೆಯ ಅಳತೆ ಮಾಲೀಕನ ಕೈಯಿಂದ ಯಂತ್ರಕ್ಕೆ ಹೋಯಿತು. ಹೆದರಿದವರ ಕೈ ಸುರಿದ ಹೆಚ್ಚುವರಿ ಎಣ್ಣೆಯನ್ನು ಆ ಹೊತ್ತಿಗೆ ಇಡೀ ಊರಿನ ಶ್ವಾಸಕೋಶ ಕುಡಿಯುತ್ತಿತ್ತು. ಈ ಆದೇಶದ ಬಗ್ಗೆ ತಕರಾರು ತೆಗೆಯಲು ನನಗೆ ಮನಸ್ಸಿಲ್ಲ. ಅದೇ ವರ್ಷ ಫಟ್‌ಫಟಿಗಳೂ ರಸ್ತೆಯಿಂದ ಇಳಿದವು. ಅರ್ಧ ಶತಮಾನ ಓಡಿದ ಗಾಡಿಗಳು ಗುಜರಿ ಸೇರಿದವು, ಹೆಸರು ಮಾತ್ರ ಆಮೇಲೆ ಬಂದ ಮಾರುತಿ ವ್ಯಾನುಗಳಿಗೆ ಅಂಟಿಕೊಂಡು ಉಳಿಯಿತು.

ಇಷ್ಟರಲ್ಲಿ ಮನೆಯಂಗಳದ ಕೆಲಸ ಬೇರೊಂದು ರೂಪದಲ್ಲಿ ತಲೆಯೆತ್ತಿತ್ತು, ಕರೋಲ್ ಬಾಗ್‌ನಲ್ಲಿ. ಅಲ್ಲಿನ ಬೈಕ್ ಮಾರುಕಟ್ಟೆಯಿರುವ ಗಲ್ಲಿಗೆ ನಾಯಿವಾಲಾ ಎಂದು ಹೆಸರು. ಹೊಸದಾಗಿ ಬಂದ ಕನ್ನಡಿಗ ಅಲ್ಲಿ ನಾಯಿ ಹುಡುಕಬಾರದು, ಹಿಂದಿಯ ‘ನಾಈ’ ಎಂದರೆ ಕ್ಷೌರಿಕ. ಮನಾಲಿ-ಲೇಹ್ ರಸ್ತೆ 1989ರಲ್ಲಿ ಸಾರ್ವಜನಿಕರಿಗೆ ತೆರೆದ ಮೇಲೆ ಬುಲೆಟ್ ಏರಿ ಹಿಮಾಲಯಕ್ಕೆ ಹೊರಡುವವರಿಗೆಲ್ಲ ಈ ಗಲ್ಲಿ ಮೊದಲ ನಿಲ್ದಾಣವಾಯಿತು. ವಿದೇಶಿಯರೂ ಇಲ್ಲಿ ಬಂದು ಬೈಕ್ ಕೊಂಡು, ಸಜ್ಜುಗೊಳಿಸಿಕೊಂಡು ಹೋಗತೊಡಗಿದರು. ಎರಡೂ ಬದಿಗೆ ಚೀಲ, ಪೆಟ್ರೋಲ್ ಕ್ಯಾನು ಕಟ್ಟಲು ಕಬ್ಬಿಣದ ಚೌಕಟ್ಟಿಗೆ ‘ಲದಾಖ್ ಕ್ಯಾರಿಯರ್’ ಎಂಬ ಹೆಸರೇ ಬಿತ್ತು. ಬಿದ್ದರೆ ಕಾಲು ಉಳಿಸುವ ಗಾರ್ಡು, ಮಂಜಿಗೆ ಹಳದಿ ದೀಪ, ಮೊಬೈಲಿಗೆ ಹ್ಯಾಂಡಲಿನ ಮೇಲೊಂದು ಹಿಡಿಕೆ ಮತ್ತು ಚಾರ್ಜರ್, ನಾಲ್ಕು ಬೋಲ್ಟು ಬಿಗಿಯಲು ಬಂದರೆ ಇವನ್ನೆಲ್ಲ ಮನೆಯಲ್ಲೇ ಕೂರಿಸಬಹುದು. ಹಳೆಯ ಯೆಜ್ಡಿ ಇಟ್ಟುಕೊಂಡವರ ಹಂಬಲ ಬೇರೆ: 6 ವೋಲ್ಟಿನ ಮಿಣುಕು ದೀಪವನ್ನು 12 ವೋಲ್ಟಿಗೆ ಏರಿಸುವುದು, ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಇಗ್ನಿಶನ್ ಹಾಕುವುದು. ಬೈಕನ್ನು ಇನ್ನಷ್ಟು ಸುರಕ್ಷಿತ, ಇನ್ನಷ್ಟು ನಂಬಿಕಸ್ತ ಮಾಡುವ ಕೆಲಸಗಳು ಇವು.

ಅದೇ ಗಲ್ಲಿಯಲ್ಲಿ ಇನ್ನೊಂದು ಬಗೆಯ ಸಾಮಾನೂ ಸಿಗುತ್ತದೆ, ಬುಲೆಟ್ಟಿನಿಂದ ಪಟಾಕಿ ಹೊಡೆಸುವ ಸೈಲೆನ್ಸರು. ಮನೆಗೆಲಸದ ಮರ್ಯಾದೆ ತೆಗೆದದ್ದು ಇದು. ಹಿಂದೆ ಮಸಿ ಕೆರೆಯಲೆಂದು ಒಳಗಿನ ಕೊಳವೆ ತೆಗೆಯುತ್ತಿದ್ದರು, ಈಗ ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಯ ಮುಂದೆ ಸದ್ದು ಮಾಡಲೆಂದು ತೆಗೆಯುತ್ತಾರೆ. ಕೆಲಸ ಒಂದೇ, ಸ್ಪ್ಯಾನರೂ ಒಂದೇ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕ ಕೊಟ್ಟ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಇಂಥ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಜೈಲು ಎಂದಿತು. ಬೈಕಿನ ‘ಲುಕ್’ ಕೆಡುತ್ತದೆಂದು ಸೀರೆ ಗಾರ್ಡ್ ಬಿಚ್ಚಿ ಅಟ್ಟಕ್ಕೆ ಹಾಕುವ ನಮ್ಮ ಹುಡುಗರಿಗೆ ಒಂದು ಮಾತು: ಹಿಂದಿನ ಚಕ್ರದ ಅರ್ಧವನ್ನಾದರೂ ಮುಚ್ಚುವ ಆ ಜಾಲರಿ ಅಲಂಕಾರವಲ್ಲ, ನಿಯಮ 123ರಂತೆ ಕಡ್ಡಾಯ. ಹಿಂದೆ ಕೂತ ಹೆಂಗಸಿನ ಸೆರಗು ಚಕ್ರಕ್ಕೆ ಸಿಕ್ಕಿದರೆ ಏನಾಗುತ್ತದೆ ಎಂದು ಕಂಡವರು ಬರೆದ ನಿಯಮ ಅದು.

ಈಗ ಊರಿನ ಗಾಡಿಯ ವಿಷಯ. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ರೈಲಿನ ಪಾರ್ಸಲ್‌ನಲ್ಲಿ ಬೈಕು ತರಿಸುವುದು ಕಷ್ಟವೇನಲ್ಲ. ಟ್ಯಾಂಕ್ ಖಾಲಿ ಮಾಡಿ, ಗೋಣಿಚೀಲ ಸುತ್ತಿ, ಆರ್‌ಸಿಯ ಪ್ರತಿ ಕೊಟ್ಟರೆ ಬರುತ್ತದೆ. ಕಷ್ಟವಿರುವುದು ಹುಟ್ಟಿದ ತಾರೀಖಿನಲ್ಲಿ. ಕರ್ನಾಟಕದಲ್ಲಿ 15 ವರ್ಷ ದಾಟಿದ ಬೈಕನ್ನು ಆರ್‌ಟಿಓಗೆ ಒಯ್ದು, ತಪಾಸಣೆ ಮಾಡಿಸಿ, ಐದೈದು ವರ್ಷಕ್ಕೆ ನೋಂದಣಿ ಮುಂದುವರಿಸಿಕೊಳ್ಳಬಹುದು. ದಿಲ್ಲಿ ಸೀಮೆಯಲ್ಲಿ ಹಾಗಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014 ಮತ್ತು 2015ರಲ್ಲಿ ಕೊಟ್ಟ ಆದೇಶಗಳು, ಅವನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟಿನ 2018ರ ಅಕ್ಟೋಬರ್ 29ರ ಆದೇಶ, ಇವುಗಳ ಪ್ರಕಾರ 10 ವರ್ಷ ದಾಟಿದ ಡೀಸೆಲ್ ವಾಹನ, 15 ವರ್ಷ ದಾಟಿದ ಪೆಟ್ರೋಲ್ ವಾಹನ ರಸ್ತೆಗಿಳಿಯುವಂತಿಲ್ಲ. 2025ರ ಜುಲೈ 1ರಿಂದ ಅಂಥ ವಾಹನಗಳಿಗೆ ಬಂಕಿನಲ್ಲಿ ಪೆಟ್ರೋಲನ್ನೇ ಕೊಡುವುದಿಲ್ಲ ಎಂದು ಶುರುವಾದದ್ದು ಕೆಲವೇ ದಿನಗಳಲ್ಲಿ ನಿಂತಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಯಸ್ಸೊಂದನ್ನೇ ನೋಡಿ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದಿತು. ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಮತ್ತು ಅದಕ್ಕಿಂತ ಹೊಸ ವಾಹನಗಳಿಗಷ್ಟೇ ಉಳಿಸಿತು. ಯೆಜ್ಡಿ ಯಾವ ಬಿಎಸ್‌ಗೂ ಸೇರಿದ್ದಲ್ಲ, ಬಿಎಸ್ ಎಂಬ ಲೆಕ್ಕ ಶುರುವಾಗುವ ಮೊದಲೇ ಅದರ ಕಾರ್ಖಾನೆಗೆ ಬೀಗ ಬಿದ್ದಿತ್ತು.

ಇದರ ಇನ್ನೊಂದು ತುದಿಯಲ್ಲಿ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಹೊರಡಿಸಿದ ವಿಂಟೇಜ್ ವಾಹನಗಳ ನಿಯಮವಿದೆ. ಮೊದಲ ನೋಂದಣಿಯಾಗಿ 50 ವರ್ಷ ಕಳೆದಿರಬೇಕು, ಚಾಸಿಸ್, ಎಂಜಿನ್ ಮೂಲರೂಪದಲ್ಲೇ ಇರಬೇಕು. ಹಾಗಿದ್ದರೆ ಅದಕ್ಕೆ ‘ವಿಎ’ ಸರಣಿಯ ಬೇರೆಯದೇ ನಂಬರು ಸಿಗುತ್ತದೆ, ದಿನನಿತ್ಯದ ಓಡಾಟಕ್ಕಲ್ಲ, ಪ್ರದರ್ಶನ, ರ‍್ಯಾಲಿಗಳಂಥ ಸಂದರ್ಭಕ್ಕೆ. ಅಂದರೆ 15 ದಾಟಿದರೆ ಗುಜರಿ, 50 ದಾಟಿದರೆ ಪರಂಪರೆ. ನಡುವಿನ 35 ವರ್ಷ ಅದು ಏನು? ಆ ಅವಧಿಯಲ್ಲಿ ಯಾರಾದರೂ ಅದನ್ನು ಒರೆಸಿ, ಎಣ್ಣೆ ಹಾಕಿ, ತುಕ್ಕು ಕೆರೆದು ಉಳಿಸಿದರೆ ತಾನೇ 50 ತುಂಬುವುದು? ಹಾಗೆ ಉಳಿಸುವವನಿಗೆ ಈ ಸೀಮೆಯಲ್ಲಿ ಕಾನೂನಿನ ಜಾಗವಿಲ್ಲ. ಇಲ್ಲಿನ ಗಾಳಿಯನ್ನು ನವೆಂಬರಿನಲ್ಲಿ ಉಸಿರಾಡಿದ ಯಾರೂ ಹೊಗೆಯ ಪರ ವಾದಿಸಲಾರರು, ನಾನೂ ವಾದಿಸುತ್ತಿಲ್ಲ. ನನ್ನ ತಕರಾರು ಅಳತೆಗೋಲಿನದು. ಕರ್ನಾಟಕದಲ್ಲಿ ಗಾಡಿಯ ಸ್ಥಿತಿಯನ್ನು ನೋಡುತ್ತಾರೆ, ಇಲ್ಲಿ ಜಾತಕ ನೋಡುತ್ತಾರೆ. ಜಾತಕ ನೋಡುವಲ್ಲಿ ಚೆನ್ನಾಗಿ ನೋಡಿಕೊಂಡವನಿಗೂ ಕೆಡಿಸಿಕೊಂಡವನಿಗೂ ವ್ಯತ್ಯಾಸವಿಲ್ಲ. ಮನೆಯಲ್ಲಿ ಕೂತು ಬೈಕ್ ನೋಡಿಕೊಳ್ಳುವ ಕೆಲಸದ ಬೆಲೆ ಸೊನ್ನೆಯಾಗುವುದು ಅಲ್ಲಿಯೇ.

ಹಾಗೆಂದು ಹೊಸ ಬೈಕು ಇಟ್ಟುಕೊಂಡವರ ಕೈ ಪೂರ್ತಿ ಕಟ್ಟಿಹೋಗಿದೆಯೆಂದಲ್ಲ. 2020ರ ಏಪ್ರಿಲ್‌ನಿಂದ ಬಿಎಸ್-6 ಬಂದು ಕಾರ್ಬೊರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಕಚ್ಚಾ-ಕಸ ಸಿಕ್ಕಿದೆಯೆಂದು ಬಿಚ್ಚಿ ಊದುವ ಕಾಲ ಮುಗಿಯಿತು. ಕಂಪ್ಯೂಟರ್ ಜೋಡಿಸದೆ ಒಳಗಿನ ದೋಷ ತಿಳಿಯುವುದಿಲ್ಲ. ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ತೆರೆದ ರಿಪೇರಿ ಹಕ್ಕಿನ ಪೋರ್ಟಲ್ಲಿನಲ್ಲಿ ವಾಹನಗಳೂ ಸೇರಿವೆ. ಆದರೂ ಸರಪಳಿ ತೊಳೆದು ಎಣ್ಣೆ ಹಾಕುವುದು, ಅದರ ಸಡಿಲ ಸರಿಪಡಿಸುವುದು, ಎಂಜಿನ್ ಆಯಿಲ್ ಬದಲಿಸುವುದು, ಏರ್ ಫಿಲ್ಟರ್, ಬ್ರೇಕ್ ಪ್ಯಾಡ್, ಬ್ಯಾಟರಿ, ಪ್ಲಗ್, ಇವೆಲ್ಲ ಇಂದಿಗೂ ಮನೆಗೆಲಸವೇ. ದಿಲ್ಲಿಯ ಧೂಳಿನಲ್ಲಿ ಏರ್ ಫಿಲ್ಟರನ್ನಂತೂ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಮುಂಚೆಯೇ ತೆಗೆದು ನೋಡಬೇಕು.

ನಿಜವಾದ ಅಡ್ಡಿ ಜಾಗದ್ದು. ಸರ್ಕಾರಿ ಕ್ವಾರ್ಟರ್ಸಿಗೆ ಅಂಗಳವಿತ್ತು, ನೋಯ್ಡಾದ ಹದಿನಾಲ್ಕನೇ ಮಹಡಿಗಿಲ್ಲ. ಬೇಸ್‌ಮೆಂಟಿನಲ್ಲಿ ಸ್ಪ್ಯಾನರ್ ತೆಗೆದರೆ ಗಾರ್ಡ್ ಬರುತ್ತಾನೆ, ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಫೋಟೊ ಬರುತ್ತದೆ. ಪೀಜಿಯಲ್ಲಿರುವ ವಿದ್ಯಾರ್ಥಿಗೆ ಗಲ್ಲಿಯ ಗೋಡೆಯೇ ಗ್ಯಾರೇಜು. ಅವರ ದೂರಿನಲ್ಲೂ ಸತ್ಯವಿದೆ, ನೆಲಕ್ಕೆ ಚೆಲ್ಲಿದ ಎಣ್ಣೆ ಹೋಗುವುದಿಲ್ಲ, ಕಾಲು ಜಾರುತ್ತದೆ. ತೆಗೆದ ಹಳೆಯ ಆಯಿಲನ್ನು ದಯವಿಟ್ಟು ಚರಂಡಿಗೆ ಸುರಿಯಬೇಡಿ, ಇಲ್ಲಿನ ಚರಂಡಿಗಳೆಲ್ಲ ಕೊನೆಗೆ ಯಮುನೆಗೇ ಸೇರುತ್ತವೆ. ಹಳೆಯ ಡಬ್ಬಕ್ಕೇ ತುಂಬಿಸಿ, ಬಳಸಿದ ಆಯಿಲ್ ಸಂಗ್ರಹಿಸುವ ಮೆಕ್ಯಾನಿಕ್ಕಿಗೆ ಕೊಟ್ಟುಬಿಡಿ. ಕೆಳಗೆ ರಟ್ಟು ಹಾಸಿಕೊಂಡು, ಸಂಜೆ ಆರರೊಳಗೆ ಮುಗಿಸಿದರೆ ಗಾರ್ಡ್ ಭಯ್ಯಾ ಎರಡನೇ ವಾರದ ಹೊತ್ತಿಗೆ ಟಾರ್ಚ್ ಹಿಡಿಯುತ್ತಾನೆ, ಮೂರನೆಯ ವಾರ ತನ್ನ ಸ್ಪ್ಲೆಂಡರಿನ ಸರಪಳಿಯನ್ನೂ ನೋಡಿ ಎನ್ನುತ್ತಾನೆ.

ಯೆಜ್ಡಿ ಮಾತ್ರ ಊರಲ್ಲೇ ಇರುತ್ತದೆ. 1980ರಲ್ಲಿ ನೋಂದಣಿಯಾದ ರೋಡ್‌ಕಿಂಗ್ ಆದರೆ ಅದಕ್ಕೆ ಐವತ್ತು ತುಂಬುವುದು 2030ಕ್ಕೆ. ಅಲ್ಲಿಯವರೆಗೆ ಅದು ಕುವೆಂಪುನಗರದ್ದೋ ಸರಸ್ವತಿಪುರದ್ದೋ ಮನೆಯ ಜಗಲಿಯಲ್ಲಿ ಹಳೆಯ ಬೆಡ್‌ಶೀಟ್ ಹೊದ್ದುಕೊಂಡಿರುತ್ತದೆ. ಗುರುಗ್ರಾಮ್‌ನಿಂದ ಭಾನುವಾರ ಫೋನ್ ಮಾಡಿದ ಮಗ ಆರೋಗ್ಯ ವಿಚಾರಿಸಿ, ಮಳೆ ಬಂತಾ ಎಂದು ಕೇಳಿ, ಕೊನೆಗೆ ‘ಅಪ್ಪಾ, ಗಾಡಿ ಒಂದ್ಸಲ ಸ್ಟಾರ್ಟ್ ಮಾಡಿ ಇಡಿ’ ಎನ್ನುತ್ತಾನೆ. ‘ಬೆಳಿಗ್ಗೇನೇ ಮಾಡ್ದೆ ಕಣೋ, ಪ್ಲಗ್ ಉಜ್ಜಿದ ಮೇಲೆ ಎರಡನೇ ಕಿಕ್ಕಿಗೇ ಹಿಡೀತು’ ಎಂದು ಎಪ್ಪತ್ತು ದಾಟಿದ ಆ ಕಡೆಯ ದನಿ ಹೇಳುತ್ತದೆ, ‘ನಿಮ್ಮಮ್ಮ ಹೊಗೆ ಅಂತ ಬೈತಾ ಇದ್ಲು.’